ನಮ್ಮ ಪಾಲಿನ ಅರ್ಧ ಮನೆ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಈಗ ಯಾರೂ ಜಗಲಿಯ ಮೇಲೆ ಕೂರುವುದಿಲ್ಲ. ಕೂರಬಾರದೆಂದು ಯಾರೂ ಹೇಳಿಲ್ಲ, ಕೂರಲು ಜಗಲಿಗಳೇ ಇಲ್ಲ. ಅವು ಇದ್ದ ಜಾಗದಲ್ಲೆಲ್ಲ ಕಾರು ಹತ್ತಿಸುವ ಇಳಿಜಾರು ಬಂದಿದೆ. ಕಾರು ಬಂದಿರುವುದು ಎಲ್ಲೋ ಒಂದೆರಡು ಮನೆಗೆ, ಇಳಿಜಾರು ಮಾತ್ರ ಎಲ್ಲರಿಗೂ ಬಂದಿದೆ. ಬೀದಿಯ ಮುದುಕಿಯರು ಸಂಜೆ ಆ ಇಳಿಜಾರಿನ ಮೇಲೆಯೇ ಕಾಲು ಊರಿಕೊಂಡು, ಜಾರದಂತೆ ಒಂದು ಕೈಯಲ್ಲಿ ಗೇಟು ಹಿಡಿದುಕೊಂಡು ಊರ ಸುದ್ದಿ ಮಾತಾಡುತ್ತಾರೆ. ಸೊಸೆಯರನ್ನು ಬೈಯಲು ಎರಡು ಕೈಯೂ ಬೇಕು. ಒಂದೇ ಕೈ ಬೀಸಿ ಬೈದರೆ ಅದಕ್ಕೆ ಕಳೆ ಇರುವುದಿಲ್ಲ. ಬೀದಿ ಅಭಿವೃದ್ಧಿಯಾದ ಮೇಲೆ ಸೊಸೆಯರಿಗೆ ಆದ ಲಾಭ ಇದೊಂದೇ.

ನಾನು ಇಲ್ಲೇ ಹತ್ತಿರದ ಮಧುರೆ ಕಡೆಯ ಹೊಲದ ಮನೆಯವಳು. ಮದುವೆಯಾಗಿ ಈ ಬೀದಿಗೆ ಕಾಲಿಟ್ಟ ದಿನ, ಇದೇನು ಇಡೀ ಬೀದಿಗೆ ಒಂದೇ ಮನೆಯೇ ಎಂದುಕೊಂಡಿದ್ದೆ. ಒಂದಕ್ಕೊಂದು ಅಂಟಿಕೊಂಡ ಹೆಂಚಿನ ಮಾಡು, ಒಂದೇ ಎತ್ತರದ ಜಗಲಿ, ಜಗಲಿಗೆ ಮರದ ಕಂಬ. ಮಳೆ ಬರುತ್ತಿದ್ದರೂ ಈ ತುದಿಯಿಂದ ಆ ತುದಿಗೆ ತಲೆ ನೆನೆಯದೆ, ಕೆಳಗಿಳಿಯದೆ, ಜಗಲಿಯಿಂದ ಜಗಲಿಗೆ ಹೋಗಿಬಿಡಬಹುದಿತ್ತು. ಹೆಪ್ಪಿಗೆ ಮಜ್ಜಿಗೆ ಕೇಳಲು ಹೊರಟವಳು ಮೂರು ಮನೆಯ ಕಾಫಿ ಕುಡಿದು, ನಾಲ್ಕನೆಯ ಮನೆಯ ಜಗಳ ಕೇಳಿಕೊಂಡು, ಮಜ್ಜಿಗೆ ಮರೆತು ವಾಪಸ್ಸು ಬರುತ್ತಿದ್ದೆ. ಅತ್ತೆ ಮಜ್ಜಿಗೆ ಕೇಳುತ್ತಿರಲಿಲ್ಲ, ಜಗಳದ ವಿವರ ಕೇಳುತ್ತಿದ್ದರು.

ಒಳಗೆಲ್ಲ ಮಗ್ಗ. ನಮ್ಮ ಮಾವನವರು ಹೊಲ ಮಾರಿ, ಕರೆಂಟಿನ ಮಗ್ಗ ಹಾಕಿ, ಸೀರೆ ನೇಯ್ದು, ಆ ದುಡಿಮೆಯಲ್ಲಿ ಕಟ್ಟಿಸಿದ ಮನೆ ಅದು. ಕೆರೆಮಣ್ಣು ತುಳಿಸಿ ಎಬ್ಬಿಸಿದ, ಮೊಳ ಮೀರುವಷ್ಟು ದಪ್ಪದ ಗೋಡೆಗಳು. ಎಳೆ ಕಡಿದರೆ ಕಾಣಲಿ ಎಂದು ಪ್ರತಿ ಮಗ್ಗದ ನೆತ್ತಿಯ ಮೇಲೂ ಒಂದೊಂದು ಗಾಜಿನ ಹೆಂಚು. ಮೊದಮೊದಲು ಆ ಸದ್ದಿಗೆ ನನಗೆ ತಲೆ ಸಿಡಿದುಹೋಗುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಕರೆಂಟು ಹೋಗಿ ಮಗ್ಗ ನಿಂತರೆ ಬೆಚ್ಚಿಬೀಳತೊಡಗಿದೆ. ಮಾವ ನಕ್ಕು, "ಈಗ ಈ ಮನೇಗೆ ಸೇರ್ಕೊಂಡೆ ಬಿಡಮ್ಮ" ಅಂದರು. ತಾಳಿ ಕಟ್ಟಿದಾಗ ಸೇರಿರಲಿಲ್ಲವೇ ಎಂದು ಕೇಳುವ ಧೈರ್ಯ ಆಗ ಇರಲಿಲ್ಲ.

ಮಾವ ತೀರಿಕೊಂಡ ಮೇಲೆ ಮನೆ ಪಾಲಾಯಿತು. ಉದ್ದಕ್ಕೆ ನಡುವೆ ಒಂದು ಗೋಡೆ ಮೊದಲೇ ಇತ್ತು. ಅದರ ಬಲಕ್ಕೆ ಇದ್ದದ್ದು ಬಾವನಿಗೆ, ಅಂದರೆ ನಮ್ಮ ಯಜಮಾನರ ಅಣ್ಣನಿಗೆ. ಎಡಕ್ಕೆ ಇದ್ದದ್ದು ನಮಗೆ. ಗೋಡೆ ಇಬ್ಬರಿಗೂ ಸೇರಿದ್ದು. ಆ ಕಡೆಯ ತೊಲೆಗಳ ಒಂದು ತುದಿ, ಈ ಕಡೆಯ ತೊಲೆಗಳ ಒಂದು ತುದಿ, ಎರಡೂ ಆ ಗೋಡೆಯ ಮೇಲೆಯೇ ಕೂತಿದ್ದವು. ಅಣ್ಣತಮ್ಮಂದಿರು ಮಾತು ಬಿಟ್ಟಾಗಲೂ ತೊಲೆಗಳು ಹೆಗಲು ಬಿಟ್ಟಿರಲಿಲ್ಲ. ಬಾವ ತಮ್ಮ ಪಾಲಿನ ಮಗ್ಗಗಳನ್ನು ಮಾರಿ ವಿಮಾನ ನಿಲ್ದಾಣದ ಸುತ್ತ ಸೈಟು ಕೊಡಿಸುವ ವ್ಯವಹಾರಕ್ಕೆ ಇಳಿದರು. ನಮ್ಮ ಕಡೆ ನಾಲ್ಕು ಮಗ್ಗ ಉಳಿದವು. ನಾನು ಎರಡು ನೋಡಿಕೊಳ್ಳುತ್ತಿದ್ದೆ, ಇವರು ಎರಡು. ನಮ್ಮ ಅನ್ನ ಅದರಲ್ಲೇ ಇತ್ತು, ಬೇರೆ ಕಸುಬು ಇಬ್ಬರಿಗೂ ಬರುತ್ತಿರಲಿಲ್ಲ.

ಅಷ್ಟರಲ್ಲಿ ಬೀದಿಗೆ ಕಟ್ಟುವ ರೋಗ ಹತ್ತಿತು. ಮೊದಲು ಮೂಲೆಮನೆಯವರು ಬಿಚ್ಚಿಸಿ ಮೂರಂತಸ್ತು ಎಬ್ಬಿಸಿದರು. ಮುಂದಕ್ಕೆ ನೀಲಿ ಗಾಜು ಹಾಕಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಸುಳ್ಳಲ್ಲ. ಗಾಜಿನ ಹಿಂದೆ ಗೋಡೆಗೆ ಸುಣ್ಣ ಬಳಿಯಲು ಅವರಲ್ಲಿ ಏನೂ ಉಳಿದಿರಲಿಲ್ಲ. ಬೆಳಗ್ಗೆ ಹತ್ತರ ಬಿಸಿಲು ಆ ಗಾಜಿಗೆ ಬಡಿದು ಎದುರುಮನೆಯೊಳಕ್ಕೆ ನುಗ್ಗುತ್ತಿತ್ತು. ಎದುರುಮನೆಯಾಕೆ ಎರಡು ದಿನ ಶಪಿಸಿ, ಮೂರನೆಯ ದಿನ ನಡುಮನೆಯಲ್ಲೇ ಸಂಡಿಗೆ ಒಣಗಿಸಿಕೊಂಡಳು. ಆಮೇಲೆ ಒಬ್ಬರನ್ನು ನೋಡಿ ಒಬ್ಬರು. ಒಬ್ಬರ ಮನೆಗೆ ರಾಜರ ಅರಮನೆಯ ಕಂಬ, ಒಳಗೆ ಟೊಳ್ಳು, ತಟ್ಟಿದರೆ ಡಬ್ಬದ ಸದ್ದು. ಇನ್ನೊಬ್ಬರ ಗೇಟಿನ ಮೇಲೆ ಎರಡು ಸಿಮೆಂಟು ಸಿಂಹ, ಬೀದಿನಾಯಿಗೆ ಇಟ್ಟ ಅನ್ನವನ್ನೇ ನೋಡುತ್ತ ಕೂತಿವೆ. ಬಾಲ್ಕನಿ ಎಂದರೆ ಒಂದು ಒದ್ದೆ ಟವೆಲು ನಿಲ್ಲುವಷ್ಟು ಜಾಗ. ಆದರೂ ಗೃಹಪ್ರವೇಶಕ್ಕೆ ಹೋದವರನ್ನೆಲ್ಲ ಮನೆಯಾಕೆ ಒಬ್ಬೊಬ್ಬರನ್ನಾಗಿ ಅಲ್ಲಿಗೆ ಕರೆದೊಯ್ದು ನಿಲ್ಲಿಸಿ, "ಗಾಳಿ ಹೆಂಗೆ ಬರ್ತದೆ ನೋಡಿ" ಎನ್ನುತ್ತಿದ್ದಳು. ಗಾಳಿ ಮೊದಲೂ ಬರುತ್ತಿತ್ತು, ಬಿಟ್ಟಿಯಾಗಿ.

ಬಾವ ಒಂದು ಭಾನುವಾರ ಮನೆಗೆ ಬಂದರು. ಅವರು ಬಂದು ಬಹಳ ದಿನವಾಗಿತ್ತು, ಹಾಗಾಗಿ ಕಾಫಿ ಕುಡಿಯುವವರೆಗೂ ವಿಷಯ ಹೇಳಲಿಲ್ಲ.

"ನಾನು ಬಿಚ್ಚಿಸ್ತಿದೀನಿ ಕಣೋ," ಅಂದರು ತಮ್ಮನಿಗೆ. "ನೀನೂ ಸೇರ್ಕೊಂಡ್ರೆ ಒಟ್ಟಿಗೆ ಎಬ್ಬಿಸ್ಬಹುದು. ಕೆಳಗೆ ಪಾರ್ಕಿಂಗು, ಮೇಲೆ ಬಾಡಿಗೆ. ನಿಮ್ಗೊಂದು ಫ್ಲೋರು."

ಇವರು ಅಣ್ಣನ ಮುಂದೆ ಇವತ್ತಿಗೂ ಕಾಲು ಮಡಚಿಕೊಂಡೇ ಕೂರುವವರು. "ಆಗ್ಲಿ ಅಣ್ಣ, ಯೋಚ್ನೆ ಮಾಡಣ" ಅಂದರು.

"ಮಗ್ಗ ಎಲ್ಲಿಡೋದು ಬಾವ?" ಅಂತ ನಾನು ಕೇಳಿದೆ.

"ಮಗ್ಗ ಯಾಕಮ್ಮಾ ಇನ್ನೂ? ಎರಡು ಮನೆ ಬಾಡಿಗೆ ಬಂದ್ರೆ ಕೂತ್ಕೊಂಡು ತಿನ್ಬಹುದು."

"ಕೂತ್ಕೊಂಡು ತಿಂದ್ರೆ ಸಕ್ಕರೆ ಕಾಯಿಲೆ ಬರ್ತದಂತೆ ಬಾವ. ನಿಮ್ಗೆ ಆಗ್ಲೇ ಬಂದಿದೆಯಲ್ಲ."

ಬಾವ ಎದ್ದು ಹೋದರು. ಇವರು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮಗ್ಗದ ಸದ್ದಿನಲ್ಲಿ ಅದು ನನಗೆ ಗೊತ್ತಾಗಿದ್ದೇ ಎರಡನೆಯ ದಿನ ಸಂಜೆ.

ಬಾವ ತಮ್ಮ ಅರ್ಧವನ್ನು ಬಿಚ್ಚಿಸಿದ್ದು ಪೂಜೆ ಮಾಡಿಸಿಯೇ. ಕುಂಬಳಕಾಯಿ ಒಡೆದು, ನಿಂಬೆಹಣ್ಣು ತುಳಿದು, ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಅಪ್ಪ ಕಟ್ಟಿದ ಮನೆ ಒಡೆಯುವುದಕ್ಕೆ ಸಿಹಿ ಹಂಚಿದ್ದನ್ನು ನಾನು ಅಲ್ಲೇ ಮೊದಲು ನೋಡಿದ್ದು. ನಾನೂ ಒಂದು ತುಂಡು ತಿಂದೆ, ಚೆನ್ನಾಗಿತ್ತು. ಕಂಬಗಳನ್ನು ಯಾವನೋ ದೇವನಹಳ್ಳಿ ಕಡೆಯ ರೆಸಾರ್ಟಿನವನು ಲಾರಿಯಲ್ಲಿ ಹೇರಿಕೊಂಡು ಹೋದ. ಅಲ್ಲಿ ಹಳ್ಳಿಯ ಥರ ಜಗಲಿ ಕಟ್ಟಿ, ಬೆಂಗಳೂರಿನವರನ್ನು ಅದರ ಮೇಲೆ ಕೂರಿಸಿ, ಮಣ್ಣಿನ ಲೋಟದಲ್ಲಿ ಮಜ್ಜಿಗೆ ಕೊಡುತ್ತಾರಂತೆ. ಬಾವ ಅದನ್ನು ಹೆಮ್ಮೆಯಿಂದ ಹೇಳಿಕೊಂಡು ಓಡಾಡಿದರು.

ಕೊನೆಗೆ ತೊಲೆಗಳು. ನಡುಗೋಡೆಯಿಂದ ಅವುಗಳನ್ನು ಎಳೆದು ಕಿತ್ತಾಗ ನಮ್ಮ ಕಡೆ ಮಗ್ಗದ ಮೇಲೆ ಮಣ್ಣು ಸುರಿಯಿತು. ಅರ್ಧ ನೇಯ್ದ ಗುಲಾಬಿ ಬಣ್ಣದ ಸೀರೆ ಕೆಮ್ಮಣ್ಣಾಯಿತು. ಗೋಡೆಯಲ್ಲಿ ಸಾಲಾಗಿ ತೂತು ಉಳಿದವು, ಅವುಗಳಿಂದ ಆಕಾಶ ಕಾಣುತ್ತಿತ್ತು. ಇವರು ಗೋಣಿಚೀಲ ತುರುಕಿದರು. ಪಾರಿವಾಳಗಳು ಗೋಣಿಚೀಲ ಕಿತ್ತು ಗೂಡು ಕಟ್ಟಿದವು. ಬೀದಿಯಲ್ಲಿ ಹಳೇ ಗೋಡೆಯ ಬೆಲೆ ತಿಳಿದವರೆಂದರೆ ಅವುಗಳಷ್ಟೇ.

ಹೊಸ ಮನೆಯ ನಕ್ಷೆ ಬರೆಯಲು ಬೆಂಗಳೂರಿನಿಂದ ಒಬ್ಬ ಎಂಜಿನಿಯರು ಬಂದ. ಮಾತುಕತೆ ನಡೆದದ್ದು ನಮ್ಮ ಮನೆಯ ಮುಂದೆಯೇ, ಏಕೆಂದರೆ ನೆರಳಿದ್ದದ್ದು ನಮ್ಮ ಜಗಲಿಗೆ ಮಾತ್ರ.

"ಹಾಲ್ ಎಷ್ಟು ದೊಡ್ಡದಿರ್ಬೇಕು ಸರ್?" ಅಂದ ಅವನು.

"ನಾಲ್ಕು ಮಗ್ಗ ಹಿಡೀಬೇಕು" ಅಂದರು ಬಾವ.

ನಮ್ಮ ಬೀದಿಯಲ್ಲಿ ಹಾಗೆಯೇ. ಹೆಣ್ಣು ಕೊಡುವವರು ಬಂದರೆ ಹುಡುಗನ ಮನೆ ಎಷ್ಟು ದೊಡ್ಡದು ಎಂದು ಅಡಿಯಲ್ಲಿ ಕೇಳುವುದಿಲ್ಲ. ಎರಡು ಮಗ್ಗದ ಮನೆ, ಆರು ಮಗ್ಗದ ಮನೆ, ಅಷ್ಟೇ. ಬಾವ ಮಗ್ಗ ಮಾರಿ ಎಷ್ಟೋ ವರ್ಷವಾಗಿತ್ತು, ಆದರೆ ಜಾಗ ಎಂದರೆ ಅವರ ತಲೆಯಲ್ಲಿ ಬೇರೆ ಅಳತೆ ಇರಲಿಲ್ಲ. ಎಂಜಿನಿಯರು ಒಂದು ಮಗ್ಗ ಎಂದರೆ ಎಷ್ಟು ಎಂದು ಕೇಳಿದ. ಬಾವ ಎರಡು ತೋಳು ಚಾಚಿ, ಹೆಜ್ಜೆ ಹಾಕಿ ತೋರಿಸಿದರು. ನಡುವೆ ಮೈ ತಿರುಗಿಸಿ ನಡೆಯಲು ಹಾದಿ ಬೇಕು ಅಂದರು. ನೂಲು ಸುತ್ತಿದ ಉರುಳೆ ಹೊತ್ತುಕೊಂಡು ಬಂದರೆ ತಗುಲಬಾರದು, ಬಾಗಿಲು ಅಷ್ಟು ಅಗಲ ಇರಲಿ ಅಂದರು. ಬೆಳಕು ಎಡಗಡೆಯಿಂದ ಬರಲಿ ಅಂದರು. ಯಾವ ಮಗ್ಗ, ಯಾವ ಉರುಳೆ ಎಂದು ಆ ಹುಡುಗ ಕೇಳಲಿಲ್ಲ. ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡ. ನಾನು ಬಾಗಿಲ ಮರೆಯಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡೆ. ತಿದ್ದಬಹುದಿತ್ತು. ಯಾಕೆ ತಿದ್ದಬೇಕು?

ಅರ್ಧ ಮನೆಯ ಸೈಟು ಅಗಲ ಕಡಿಮೆ. ಹಾಗಾಗಿ ನಾಲ್ಕು ಮಗ್ಗ ಒಂದರ ಹಿಂದೊಂದು ನಿಲ್ಲುವಂತೆ ಹಾಲ್ ಎದ್ದಿತು. ಗೃಹಪ್ರವೇಶದ ದಿನ ನೋಡಿದರೆ ಥೇಟು ರೈಲು ಡಬ್ಬಿ. ಸೋಫಾಗಳನ್ನು ಎದುರು ಬದುರು ಹಾಕಿದರೆ ಮೊಣಕಾಲು ತಾಗುತ್ತದೆ, ಅದಕ್ಕೆ ಎಲ್ಲವನ್ನೂ ಒಂದೇ ಗೋಡೆಗೆ ಸಾಲಾಗಿ ಇಟ್ಟಿದ್ದರು. ಬಂದವರು ಒಬ್ಬರ ಪಕ್ಕ ಒಬ್ಬರು ಕೂತು ಎದುರಿನ ಗೋಡೆ ನೋಡುತ್ತಿದ್ದರು. ಆ ತುದಿಯಲ್ಲಿ ಟಿವಿ, ಈ ತುದಿಯಲ್ಲಿ ಬಾವ. ಮುಂಬಾಗಿಲು ಎರಡು ಎಮ್ಮೆ ಜೊತೆಯಾಗಿ ಬರುವಷ್ಟು ಅಗಲ. ಬಂದವರೆಲ್ಲ ಹೊಗಳಿದರು. ಬೀದಿಯ ಹಳೇ ನೇಕಾರನೊಬ್ಬ ಮಾತ್ರ ನಿಂತು, ಉದ್ದಕ್ಕೆ ಒಮ್ಮೆ ಕಣ್ಣಾಡಿಸಿ, "ಚೆನ್ನಾಗಿದೆ ಗುರು, ಮಗ್ಗ ಯಾವತ್ತು ಇಳಿಸ್ತೀಯಾ?" ಅಂದ. ಬಾವನ ಮುಖ ನೋಡಬೇಕಿತ್ತು. ಆಗ ತಾನೆ ಅವರಿಗೆ ಗೊತ್ತಾಯಿತೆಂದು ಕಾಣುತ್ತದೆ, ತಾವು ಇಡೀ ಜೀವಮಾನದ ಗಳಿಕೆ ಹಾಕಿ ಕಟ್ಟಿಸಿದ್ದು ಗ್ರಾನೈಟಿನ ಮಗ್ಗದ ಮನೆ ಎಂದು.

ನನ್ನ ನಗು ಬಹಳ ದಿನ ಉಳಿಯಲಿಲ್ಲ. ಮೇಲಿನ ಎರಡು ಅಂತಸ್ತಿಗೆ ಬಾಡಿಗೆಯವರು ಬಂದರು. ಕಂಪನಿಗಳಲ್ಲಿ ಕೆಲಸ ಮಾಡುವವರು, ಒಳ್ಳೆಯವರೇ, ಹಬ್ಬಕ್ಕೆ ಎಳ್ಳುಬೆಲ್ಲ ತಂದುಕೊಟ್ಟರು. ಆದರೆ ಅವರಿಗೆ ಮಗ್ಗದ ಸದ್ದು ಆಗಲಿಲ್ಲ. ಬಾವ ನಡುಗೋಡೆಯಾಚೆಯಿಂದ ಕೂಗಿ ಹೇಳುವುದನ್ನು ಬಿಟ್ಟು, ಮುಂಬಾಗಿಲಿಗೆ ಬಂದು ನಿಂತರು.

"ನೋಡಮ್ಮಾ, ಇದು ಈಗ ರೆಸಿಡೆನ್ಷಿಯಲ್ ಏರಿಯಾ. ಮಧ್ಯಾಹ್ನ ಒಂದೆರಡು ಗಂಟೆ ನಿಲ್ಸಿ. ಸಂಜೆ ಆರಕ್ಕೆ ಮುಗಿಸ್ಬಿಡಿ."

"ಬಾವ, ನೀವು ಹುಟ್ಟಿದ್ದು ಎಲ್ಲಿ?"

"ಇಲ್ಲೇ. ಅದಕ್ಕೇನೀಗ?"

"ಅವತ್ತು ಮಗ್ಗ ನಿಲ್ಸಿದ್ರಾ?"

ಬಾವ ಪಂಚೆ ಎತ್ತಿ ಕಟ್ಟಿಕೊಂಡು ತಮ್ಮ ಇಳಿಜಾರು ಹತ್ತಿದರು. ಉತ್ತರ ಇದ್ದದ್ದು ನಡುಗೋಡೆಯ ಬಳಿ. ಆ ಗೋಡೆಗೆ ಒಂದು ಪಕ್ಕದ ತೊಲೆಗಳು ಹೋಗಿ, ಬುಡದಲ್ಲಿ ಬಾವನ ಪಿಲ್ಲರಿಗೆಂದು ಆಳವಾಗಿ ಅಗೆದು, ಮಳೆಗಾಲದಲ್ಲಿ ತೂತುಗಳಿಂದ ನೀರು ಇಳಿದು, ಈಗ ಮಗ್ಗದ ಒಂದೊಂದು ಏಟಿಗೂ ಅದು ಅದುರುತ್ತಿತ್ತು. ಮೊದಲು ಕೂದಲೆಳೆಯಂಥ ಬಿರುಕು. ಯುಗಾದಿಯ ಹೊತ್ತಿಗೆ ಅದರೊಳಗೆ ನನ್ನ ಬೆರಳು ಹೋಗುತ್ತಿತ್ತು. ಬಾವ ತಮ್ಮ ಎಂಜಿನಿಯರನ್ನೇ ಕಳುಹಿಸಿದರು. ಅವನು ಗೋಡೆಯನ್ನು ಮುಟ್ಟದೆ, ದೂರದಿಂದಲೇ ನೋಡಿ, "ಮಗ್ಗ ನಿಲ್ಸಿಬಿಡಿ ಮೇಡಂ. ಓಡಿಸ್ತಾ ಇದ್ರೆ ಇದು ನಿಮ್ಮ ಮೇಲೇ ಬೀಳುತ್ತೆ" ಅಂದ. ಅದನ್ನು ಹೇಳಲು ಬೆಂಗಳೂರಿನಿಂದ ಬರಬೇಕಿರಲಿಲ್ಲ. ಪಾರಿವಾಳಗಳು ಆಗಲೇ ಮನೆ ಖಾಲಿ ಮಾಡಿದ್ದವು.

ಅತ್ತ ದರಿ, ಇತ್ತ ಪುಲಿ. ಮಗ್ಗ ಓಡಿದರೆ ಮನೆ ಬೀಳುತ್ತದೆ. ಮನೆ ನಿಲ್ಲಬೇಕೆಂದರೆ ಮಗ್ಗ ನಿಲ್ಲಬೇಕು. ಗೋಡೆ ತೆಗೆದು ಹೊಸದು ಕಟ್ಟೋಣ ಎಂದರೆ ನಮ್ಮ ತೊಲೆಗಳು ಕೂತಿದ್ದೇ ಆ ಗೋಡೆಯ ಮೇಲೆ. ಅದು ಹೋದರೆ ಮಾಡು ಬರುತ್ತದೆ, ಮಾಡಿನ ಜೊತೆ ಎಲ್ಲವೂ.

ಇವರು ಒಂದು ಸಂಜೆ ಮಗ್ಗ ನಿಲ್ಲಿಸಿ ಬಂದು ನನ್ನ ಪಕ್ಕ ಕೂತರು. "ಸೋಂಪುರದಲ್ಲಿ ಒಂದು ಫ್ಯಾಕ್ಟ್ರೀಲಿ ಸೆಕ್ಯೂರಿಟಿಗೆ ತಗೋತಾರಂತೆ" ಅಂದರು. "ಬಸ್ಸು ಬರ್ತದಂತೆ. ಯೂನಿಫಾರಂ ಅವ್ರೇ ಕೊಡ್ತಾರೆ."

"ಮಗ್ಗ?"

"ಮಾರ್ಬಿಡಣ. ಮನೆ ಉಳೀತದೆ. ನಮ್ಮಪ್ಪನ ಮನೆ ಕಣೇ."

ಇವರು ಎಳೆ ಕಡಿದರೆ ಕಣ್ಣಿನಿಂದಲ್ಲ, ಕಿವಿಯಿಂದ ಕಂಡುಹಿಡಿಯುವ ಮನುಷ್ಯ. ಅಡುಗೆಮನೆಯಲ್ಲಿ ಊಟ ಮಾಡುತ್ತಾ ಕೂತವರು ತುತ್ತು ಬಿಟ್ಟು ಎದ್ದು, ಮೂರನೆಯ ಮಗ್ಗಕ್ಕೆ ನೇರವಾಗಿ ಹೋಗುತ್ತಿದ್ದರು. ಅವರು ಈಗ ಯಾವನೋ ಸಾಹೇಬನ ಕಾರಿಗೆ ಗೇಟು ತೆಗೆದು, ಸಲಾಮು ಹೊಡೆದು, ಸಂಜೆ ಈ ಹೆಂಚಿನಡಿ ಬಂದು ಖಾಲಿ ನೆಲ ನೋಡುತ್ತ ಕೂರಬೇಕು. ಅದಕ್ಕೆ ಮನೆ ಉಳಿಸಬೇಕು. ನನಗೆ ಸಿಟ್ಟು ಬಂತು. ಬಾವನ ಮೇಲೆ ಬಂದಷ್ಟೇ ಸಿಟ್ಟು ಮನೆಯ ಮೇಲೂ ಬಂತು. ಇಷ್ಟು ವರ್ಷ ನಾನು ಬೀದಿಯ ಗಾಜು, ಸಿಂಹ, ಡಬ್ಬದ ಕಂಬಗಳನ್ನು ಆಡಿಕೊಂಡು ನಕ್ಕಿದ್ದೆಲ್ಲ ಈ ಮನೆಯ ಧೈರ್ಯದ ಮೇಲೆಯೇ. ಆದರೆ ಮಾವ ಹೊಲ ಮಾರಿದ್ದು ಗೋಡೆ ನೋಡಿಕೊಂಡು ಕೂರುವುದಕ್ಕಲ್ಲ. ಮಗ್ಗಕ್ಕೆಂದು ಈ ಮನೆ ಕಟ್ಟಿದರು. ಮಗ್ಗವೇ ಇಲ್ಲದೆ ಇದು ಯಾರ ಮನೆ?

"ಮನೆ ಬಿಚ್ಚಿಸ್ತೀನಿ. ಹಾಲೋಬ್ಲಾಕು ಎಬ್ಬಿಸಿ ಶೀಟು ಹಾಕ್ಸಣ" ಅಂದೆ. "ಹಿಂದುಗಡೆ ನಮ್ಗೆ ಎರಡು ರೂಮು ಸಾಕು."

ಇವರು ಬೇಡ ಅನ್ನಲಿಲ್ಲ. ಎದ್ದು ಹೋಗಿ ನಿಂತಿದ್ದ ಮಗ್ಗ ಹಾಕಿದರು. ಸದ್ದು ಶುರುವಾದ ಮೇಲೆ ಅತ್ತರೆಂದು ಕಾಣುತ್ತದೆ, ನಾನು ಹೋಗಿ ನೋಡಲಿಲ್ಲ.

ನಾವು ಪೂಜೆ ಮಾಡಿಸಲಿಲ್ಲ, ಸಿಹಿಯನ್ನೂ ಹಂಚಲಿಲ್ಲ. ಮಗ್ಗಗಳನ್ನು ಕಳಚಿ ಪಕ್ಕದ ಬೀದಿಯ ಗೋಡೌನಿನಲ್ಲಿಟ್ಟೆವು. ಹೆಂಚುಗಳನ್ನು ಕೈಯಿಂದ ಇಳಿಸಿದರು. ಗೋಡೆ ಒಡೆಯುವ ಮಿಷನ್ನು ಬಂದ ದಿನ ಬೆಳಗ್ಗೆ ಇವರು ಟೀ ತರುತ್ತೇನೆಂದು ಫ್ಲಾಸ್ಕು ಹಿಡಿದು ಹೋದವರು ಮಧ್ಯಾಹ್ನದವರೆಗೂ ಬರಲಿಲ್ಲ. ಎಲ್ಲಿ ಒಡೆಯಬೇಕು, ಎಲ್ಲಿ ಬಾವನ ಪಿಲ್ಲರು ಇದೆ ಎಂದು ಡ್ರೈವರಿಗೆ ತೋರಿಸಿದವಳು ನಾನೇ. ನಡುಗೋಡೆ ಒಂದೇ ನೂಕಿಗೆ ಬಿತ್ತು. ಅಷ್ಟು ದಪ್ಪ ಗೋಡೆ, ಸದ್ದೂ ದೊಡ್ಡದಾಗಿ ಬರಲಿಲ್ಲ, ಮೂಟೆ ಇಳಿಸಿದಂತೆ ಧೊಪ್ಪೆಂದಿತು. ಧೂಳು ಎದ್ದು ಬೀದಿಯ ಗಾಜುಗಳೆಲ್ಲ ಮಂಕಾದವು.

ಧೂಳು ಇಳಿಯುವಾಗ ನೋಡಿದರೆ ಬಾವ ತಮ್ಮ ಇಳಿಜಾರಿನ ಮೇಲೆ ನಿಂತಿದ್ದರು. ಪಂಚೆ, ಬನಿಯನ್ನು, ಕಾಲಿಗೆ ಚಪ್ಪಲಿಯೂ ಇಲ್ಲ. ಮುಂದಕ್ಕೆ ಬಂದು ಗೋಡೆ ಇದ್ದ ಜಾಗ ನೋಡಿದರು. ಆಮೇಲೆ ಸಾವಿನ ಮನೆಯಲ್ಲಿ ಅಳುವಂತೆ ಗಟ್ಟಿಯಾಗಿ ಅಳಲು ಶುರುಮಾಡಿದರು.

"ನಮ್ಮಪ್ಪ ಕಟ್ಟಿದ್ದ ಮನೆ ಕಣಮ್ಮಾ! ನಂದು ಹೋದ್ರೂ ತಮ್ಮಂದು ಐತಲ್ಲ ಅಂತ ಸಮಾಧಾನ ಇತ್ತು. ಗೋಡೆಗೆ ಕೈ ಇಟ್ರೆ ಅಪ್ಪ ಇದ್ದಂಗೆ ಇತ್ತು. ಅದನ್ನೂ ಕೆಡವಿಸ್ಬಿಟ್ಟೆಯಲ್ಲಾ!"

ಬೀದಿಯವರು ಸೇರಿದರು. ಆ ಮನುಷ್ಯನಿಗೆ ಹೇಳಲೆಂದು ನನ್ನ ಬಾಯಲ್ಲಿ ವರ್ಷಗಟ್ಟಲೆ ಕೂಡಿಟ್ಟ ಮಾತುಗಳಿದ್ದವು. ಕಂಬ ಮಾರಿದವರು ಯಾರು, ಬುಡ ಅಗೆದವರು ಯಾರು, ಮೈಸೂರುಪಾಕು ಹಂಚಿದವರು ಯಾರು. ಒಂದೂ ಹೊರಗೆ ಬರಲಿಲ್ಲ. ಅವರ ಅಳು ನಾಟಕವಾಗಿದ್ದರೆ ಬರುತ್ತಿತ್ತು. ಅದು ನಿಜವಾದ ಅಳು. ಅರವತ್ತು ದಾಟಿದ ಗಂಡಸು ಮೂಗು ಸೋರಿಸಿಕೊಂಡು, ಹೆಂಡತಿ ಕೊಟ್ಟ ಟವೆಲನ್ನೂ ತಳ್ಳಿ ಅಳುತ್ತಿದ್ದರು. ನನಗೂ ಅಳು ಬಂತು, ಆದರೆ ಆ ಜನರ ನಡುವೆ ಅಳುವ ಹಕ್ಕು ನನಗೆ ಉಳಿದಿರಲಿಲ್ಲ. ಮಿಷನ್ನಿನವನು ನನ್ನನ್ನೇ ನೋಡುತ್ತಿದ್ದ, ಮುಂದೆ ಏನು ಒಡೆಯಲಿ ಎಂದು.

"ಸೊಸೆಯಾದೋಳು ಉಳಿಸ್ಕೋಬೇಕಿತ್ತು" ಎಂದಳು ನೀಲಿ ಗಾಜಿನ ಮನೆಯಾಕೆ. ಸಿಂಹದ ಮನೆಯವರು ತಲೆಯಾಡಿಸಿದರು. "ಎಂಥಾ ಮನೆ, ಈಗಿನ ಕಾಲದಲ್ಲಿ ಕಟ್ಟಕ್ಕಾಯ್ತದಾ?" ಎಂದು ಡಬ್ಬದ ಕಂಬದವರು ಕೇಳಿದರು. ಯಾರ ಮುಖದಲ್ಲೂ ಒಂದಿಷ್ಟು ನಾಚಿಕೆ ಇರಲಿಲ್ಲ. ಎಲ್ಲರಿಗೂ ನಿಜವಾಗಿಯೂ ಬೇಜಾರಾಗಿತ್ತು.

ಈಗ ಅಲ್ಲಿ ನಮ್ಮ ಶೆಡ್ಡು ಇದೆ. ಬಿಸಿಲಿಗೆ ಒಲೆ, ಮಳೆಗೆ ತಮಟೆ. ನಾಲ್ಕು ಮಗ್ಗವೂ ಓಡುತ್ತವೆ, ಇವರು ಸೋಂಪುರದ ಕಡೆ ತಲೆ ಹಾಕಿಲ್ಲ. ಬಾಡಿಗೆಯವರು ಬದಲಾಗುತ್ತಲೇ ಇರುತ್ತಾರೆ. ಬಾವ ನನ್ನ ಜೊತೆ ಮಾತಾಡುವುದಿಲ್ಲ, ಅವರ ಹೆಂಡತಿ ಹಬ್ಬಕ್ಕೆ ಒಬ್ಬಟ್ಟು ಮಾತ್ರ ಕಳಿಸುತ್ತಾರೆ. ಈ ಬೀದಿಯಲ್ಲಿ ಹಳೇ ಮನೆ ಒಡೆಯದವರು ಒಬ್ಬರೂ ಇಲ್ಲ. ಆದರೆ ಅವರೆಲ್ಲ ಒಡೆದ ಜಾಗದಲ್ಲಿ ಮನೆ ಎಬ್ಬಿಸಿದರು, ಅದಕ್ಕೆ ಅವರನ್ನು ಮನೆ ಕಟ್ಟಿದವರು ಎನ್ನುತ್ತಾರೆ. ಸೀರೆಯ ವ್ಯಾಪಾರಿ ಯಾರಾದರೂ ನಮ್ಮ ವಿಳಾಸ ಕೇಳಿಕೊಂಡು ಬಂದರೆ, ಇಳಿಜಾರಿನ ಮೇಲೆ ಕೂತ ಮುದುಕಿ ಗೇಟು ಹಿಡಿದ ಕೈ ಬಿಟ್ಟು ತೋರಿಸುತ್ತಾಳೆ: "ಅಗೋ ಅಲ್ಲಿ, ಮಾವನ ಮನೆ ಕೆಡವಿದೋಳ ಶೆಡ್ಡು."